ಬಿಸಿ ಆರದ ಮಗ್ಗು ಮತ್ತು ನಲವತ್ತೊಂದನೇ ನಿಯಮ

ಪುಸ್ತಕವೊಂದರಲ್ಲಿ ನನ್ನ ಹೆಸರು ಅಚ್ಚಾಗಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ, ನಂಬಬೇಡಿ. ನನ್ನವಳೂ ನಂಬಿರಲಿಲ್ಲ. ಪುಸ್ತಕವನ್ನು ಕೈಗೆ ಕೊಟ್ಟ ಮೇಲೆ ಕನ್ನಡಕ ಹುಡುಕಿ, ಒರೆಸಿ, ಮೂಗಿಗೇರಿಸಿ, ಆ ಪುಟವನ್ನು ಎರಡು ಸಲ ಓದಿದಳು. "ಹೂಂ, ನಿಮ್ಮದೇ" ಎಂದು ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಹೋದಳು. ಮರುಗಳಿಗೆ ಅಲ್ಲಿಂದ ಪಾತ್ರೆಗಳ ಗೂಡೇ ಉರುಳಿಬಿದ್ದಂಥ ಸದ್ದು. ಗಾಬರಿಯಿಂದ ಓಡಿಹೋಗಿ ನೋಡಿದರೆ ಪಾತ್ರೆಗಳೆಲ್ಲ ಇದ್ದಲ್ಲೇ ಇದ್ದವು, ಅವಳು ನಗುತ್ತಿದ್ದಳು.

ಇರಲಿ. ಅಚ್ಚಾಗಿದೆ, ಅದು ಮುಖ್ಯ. ಹೇಗೆ ಅಚ್ಚಾಯಿತು ಅನ್ನುವುದನ್ನು ಕೆಳಮನೆಯ ದರ್ಜಿ ಕೈಕಾಲು ಸೇರಿಸಿ ನಿಮಗೆ ಹೇಳುವ ಮೊದಲು ನಾನೇ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಾನು ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸೋರಿಕೆ ಹಿಡಿದವನು. ಅಂದರೆ, ನೆಲದೊಳಗಿನ ಪೈಪು ಎಲ್ಲಿ ಒಡೆದಿದೆ ಎಂದು ನೆಲ ಅಗೆಯುವ ಮೊದಲೇ ಹೇಳುವ ಕೆಲಸ. ಅದಕ್ಕೊಂದು ಉಕ್ಕಿನ ಕೋಲಿದೆ. ಒಂದು ತುದಿಯನ್ನು ರಸ್ತೆಗೆ ಊರಿ ಇನ್ನೊಂದು ತುದಿಗೆ ಕಿವಿ ಹಚ್ಚಿದರೆ, ಕೆಳಗೆ ನೀರು ಸೋರುತ್ತಿದ್ದರೆ ಯಾರೋ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡ ಹಾಗೆ 'ಸ್ಸ್' ಎಂದು ಕೇಳಿಸುತ್ತದೆ. ಎಲ್ಲರಿಗೂ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತಿತ್ತು. ಅದಕ್ಕೇ ಇಲಾಖೆಯಲ್ಲಿ ನನಗೆ ಕಿವಿಯಪ್ಪ ಎಂದು ಹೆಸರು. ಒಮ್ಮೆ ಕೋಲಿಟ್ಟು ಕೇಳಿದವನೇ, "ಈ ಪೈಪು ಬರುವ ಮಂಗಳವಾರ ಒಡೆಯುತ್ತದೆ" ಎಂದು ಬರೆದುಕೊಟ್ಟೆ. ಬುಧವಾರ ಒಡೆಯಿತು. (ಮಂಗಳವಾರ ರಜೆ ಇತ್ತು.) ಊರಿನ ಆ ತುದಿಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಈ ತುದಿಯಲ್ಲಿ ನನ್ನ ಕಿವಿ ನಿಮಿರುತ್ತಿತ್ತು. ನಾಲ್ಕು ಅಡಿ ದೂರದಿಂದ ನನ್ನವಳು "ರೀ, ಮಾರ್ಕೆಟ್ಟಿಗೆ ಹೋಗಿಬನ್ನಿ" ಅಂದರೆ ಮಾತ್ರ ಕೇಳಿಸುತ್ತಿರಲಿಲ್ಲ. ಅದು ಕಿವಿಯ ದೋಷವಲ್ಲ, ಕಿವಿಯ ವಿವೇಕ.

ಇಲಾಖೆಗೊಂದು ಕೈಪಿಡಿಯಿತ್ತು. ನಲವತ್ತು ನಿಯಮಗಳು, ಹತ್ತು ಹತ್ತಕ್ಕೊಂದು ಅಧ್ಯಾಯ. ನಾನು ಹುಟ್ಟುವ ಮೊದಲೇ ಯಾರೋ ಬರೆದಿಟ್ಟದ್ದು. ಅದು ನನಗೆ ಬಾಯಿಪಾಠ. ಏಳನೆಯದು: ಕರ್ತವ್ಯದಲ್ಲಿರುವಾಗ ಚೀಲವನ್ನು ಹೆಗಲಿನಿಂದ ಇಳಿಸತಕ್ಕದ್ದಲ್ಲ. ಹನ್ನೆರಡನೆಯದು: ಸೋರದ ಕೀಲನ್ನು ಬಿಚ್ಚತಕ್ಕದ್ದಲ್ಲ. ಹತ್ತೊಂಬತ್ತನೆಯದು: ಪೈಪಿನ ಒಳಮೈಗೆ ಕಟ್ಟಿದ ಪದರವನ್ನು ಅನಗತ್ಯವಾಗಿ ಕೆರೆಯತಕ್ಕದ್ದಲ್ಲ. ಈ ನಲವತ್ತರ ಕೆಳಗೆ ನಲವತ್ತೊಂದು ಎಂದು ಬರೆದು ಅದರ ಮುಂದೆ ನನ್ನ ಒಂದು ಮಾತು ಬರಬೇಕು ಅನ್ನುವುದು ನನ್ನ ಜೀವಮಾನದ ಆಸೆ. ಯಾರ ಹತ್ತಿರವೂ ಹೇಳಿರಲಿಲ್ಲ. ನನ್ನವಳ ಹತ್ತಿರ ಮಾತ್ರ ವಾರಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ನಿವೃತ್ತನಾದೆ. ಕೆಲಸವಿಲ್ಲದ ಗಂಡಸಿಗೆ ಚಹಾ ಜಾಸ್ತಿ ಬೇಕಾಗುತ್ತದೆ, ಇದು ವಿಜ್ಞಾನ. ನಾನು ದಿನಕ್ಕೆ ಹದಿನಾಲ್ಕು ಸಲ "ಒಂದು ಅರ್ಧ ಲೋಟ" ಎಂದು ಕೂಗುತ್ತಿದ್ದೆನಂತೆ. ಹದಿನೈದನೇ ದಿನ ನನ್ನವಳು ಪೇಟೆಗೆ ಹೋಗಿ ಒಂದು ಡಬ್ಬ ತಂದು ನನ್ನ ಮುಂದೆ ಕುಕ್ಕಿದಳು.

"ಏನಿದು?"

"ಬಿಸಿ ಆರದ ಮಗ್ಗು. ಎರಡು ಗೋಡೆ ಇದೆಯಂತೆ, ನಡುವೆ ಗಾಳಿನೂ ಇಲ್ವಂತೆ. ಬೆಳಿಗ್ಗೆ ಒಂದ್ಸಲ ತುಂಬಿಸಿ ಕೊಡ್ತೀನಿ. ಸಾಯಂಕಾಲದವರೆಗೂ ನನ್ನನ್ನ ಕೂಗಬೇಡಿ."

"ಅಷ್ಟು ಹೊತ್ತು ಬಿಸಿ ಇರುತ್ತಾ?"

"ನನ್ನ ತಲೆ ಬಿಸಿ ಇರೋದಿಲ್ವಾ?"

ಅದೊಂದು ಅದ್ಭುತ ವಸ್ತು, ಸುಳ್ಳು ಹೇಳಬಾರದು. ಕಡುನೀಲಿ ಮೈ, ತಿರುಪಿನ ಮುಚ್ಚಳ, ಮುಚ್ಚಳದ ಮೇಲೊಂದು ಗುಂಡಿ. ಒತ್ತಿದರೆ ತೂತು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಸೋರಿಕೆಯವನು ನಾನು, ಸುಮ್ಮನೆ ನಂಬುತ್ತೇನೆಯೇ? ತುಂಬಿದ ಮಗ್ಗನ್ನು ತಲೆಕೆಳಗು ಮಾಡಿ ನನ್ನವಳ ದಿಂಬಿನ ಮೇಲಿಟ್ಟೆ. ಒಂದು ತೊಟ್ಟಿಲ್ಲ. ಕೋಲು ತಂದು ಮಗ್ಗಿನ ಮೈಗೆ ಹಚ್ಚಿ ಆಲಿಸಿದೆ. ನಿಶ್ಶಬ್ದ. ಮೆಟ್ಟಿಲ ಮೇಲಿಂದ ಉರುಳಿಸಿದೆ. ಕೆಳಮನೆಯ ದರ್ಜಿ ಹೊರಗೆ ಬಂದ, ಅವನ ಗಿರಾಕಿ ಹೊರಗೆ ಬಂದ, ಚಹಾ ಮಾತ್ರ ಹೊರಗೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ತುಂಬಿದ್ದನ್ನು ಮಧ್ಯಾಹ್ನ ಎರಡಕ್ಕೆ ಅದೇ ದರ್ಜಿಗೆ ಕುಡಿಸಿದೆ. ನಾಲಿಗೆ ಸುಟ್ಟುಕೊಂಡು ಮೂರು ದಿನ ಅವನು ಅಳತೆಗಳನ್ನು ಬೆರಳಿನಲ್ಲೇ ತೋರಿಸಿದ. ಆ ವಾರ ಅವನು ಹೊಲಿದ ಷರಟುಗಳಿಗೆಲ್ಲ ತೋಳು ಒಂದು ಗೇಣು ಕಮ್ಮಿ ಎಂದು ಇಡೀ ಬೀದಿ ದೂರುತ್ತದೆ. ಬೀದಿಯಲ್ಲಿ ಯಾರಾದರೂ ಮೊಣಕೈ ಕಾಣುವಂತೆ ಎದುರಾದರೆ ನನಗೆ ನನ್ನ ಮಗ್ಗಿನ ಬಗ್ಗೆ ಹೆಮ್ಮೆ ಉಕ್ಕುತ್ತದೆ.

ಆ ದಿನದಿಂದ ಮಗ್ಗು ನನ್ನ ಕೈ ಬಿಡಲಿಲ್ಲ. ಪೇಪರ್ ಓದುವಾಗ ಬಲಗೈಯಲ್ಲಿ, ಪುಟ ಮಗುಚುವಾಗ ಎಡಗೈಯಲ್ಲಿ. ನಿದ್ದೆ ಮಾಡುವಾಗ ತಲೆಯ ಪಕ್ಕದಲ್ಲಿ.

ಎರಡನೇ ದಿನ ನನ್ನವಳು ಮಗ್ಗಿನ ಮುಚ್ಚಳದತ್ತ ಬೆರಳು ತೋರಿಸಿದಳು.

"ರೀ, ಅದರೊಳಗೆ ಒಂದು ರಬ್ಬರಿನ ವಾಷರ್ ಇದೆ ನೋಡಿ. ದಿನಾ ಅದನ್ನ ಕಿತ್ತು ಸೋಪು ಹಾಕಿ ತೊಳೀಬೇಕು. ಒಳಗೆ ಬ್ರಷ್ ಹಾಕಿ ಉಜ್ಜಬೇಕು. ಆಮೇಲೆ ಮುಚ್ಚದೇ ಹಾಗೇ ಒಣಗೋಕೆ ಬಿಡ್ಬೇಕು. ಹಾಲಿನ ಟೀ ಕಣ್ರೀ, ಉದಾಸೀನ ಮಾಡಿದ್ರೆ ನಾರುತ್ತೆ."

ನಾನು ಮಗ್ಗನ್ನು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದೆ. ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಬದಲಾಯಿಸಿದ ವಾಷರುಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಚಂದ್ರನನ್ನು ಮುಟ್ಟಿ, ಅಲ್ಲೊಂದು ನಲ್ಲಿಗೆ ಹಾಕಿ ವಾಪಸು ಬರಬಹುದು.

"ವಾಷರ್ ವಿಷಯ ನೀನು ನನಗೆ ಹೇಳಿಕೊಡ್ತೀಯಾ? ಹನ್ನೆರಡನೇ ನಿಯಮ ಏನು ಹೇಳುತ್ತೆ? ಸೋರದ ಕೀಲನ್ನು ಬಿಚ್ಚಬಾರದು! ಇದು ಸೋರ್ತಾ ಇದೆಯಾ?"

"ಇಲ್ಲ."

"ಮತ್ತೆ ಯಾಕೆ ಬಿಚ್ಚಬೇಕು?"

"ತೊಳೆಯೋಕೆ. ಹೋಗ್ಲಿ, ಒಳಗಾದ್ರೂ ಉಜ್ಜಿ. ಆಗ್ಲೇ ಕಂದು ಬಣ್ಣಕ್ಕೆ ತಿರುಗಿದೆ."

"ಅದು ಪದರ. ಹತ್ತೊಂಬತ್ತನೇ ನಿಯಮ. ಅದೇ ಲೋಹಕ್ಕೆ ಕವಚ."

"ರೀ, ಅದು ಪೈಪಲ್ಲ. ನೀವು ಬಾಯಿಟ್ಟು ಕುಡಿಯೋ ಲೋಟ. ನಿಮ್ಮ ಕೈಲಾಗದಿದ್ರೆ ಇಲ್ಲಿ ಕೊಡಿ, ನಾನೇ ತೊಳೀತೀನಿ."

ಕೈಲಾಗದಿದ್ರೆ! ಆ ಮಾತು ನನ್ನ ಅಂಗಾಲಿಗೆ ತಾಗಿ ನೆತ್ತಿಯಲ್ಲಿ ಹೊಗೆಯಾಯಿತು. "ಮುಟ್ಟಬೇಡ!" ಎಂದೆ. "ಇವತ್ತಿನಿಂದ ಈ ಮಗ್ಗು ನನ್ನ ಇಲಾಖೆ. ನೀನು ಇದಕ್ಕೆ ಕೈ ಹಾಕಕೂಡದು."

ನನ್ನವಳು ವಾದ ಬೆಳೆಸಲಿಲ್ಲ. ಅಲ್ಲೇ ನಾನು ಹುಷಾರಾಗಬೇಕಿತ್ತು. "ಆಯ್ತು" ಎಂದಳು. "ಮಗ್ಗು ನಿಮ್ಮ ಇಲಾಖೆ, ಅಡುಗೆಮನೆ ನನ್ನ ಇಲಾಖೆ. ನಾನು ಅದಕ್ಕೆ ಕೈ ಹಾಕಲ್ಲ, ನೀವು ಇದಕ್ಕೆ ಕೈ ಹಾಕಬೇಡಿ. ಟೀ ಕುದಿಸಿ ಮೇಲಿಂದ ಸುರೀತೀನಿ, ಅಷ್ಟೇ." ಹೀಗೆ ನಮ್ಮ ಮನೆಯಲ್ಲಿ ಮಹಾಸಂಧಾನವೊಂದು ಏರ್ಪಟ್ಟಿತು. ನಾನು ದಿನಕ್ಕೊಮ್ಮೆ ಮಗ್ಗಿಗೆ ಒಂದಿಷ್ಟು ನೀರು ಹಾಕಿ, ಕುಲುಕಿ, ಚೆಲ್ಲಿ, ಮುಚ್ಚಳ ಬಿಗಿಯುತ್ತಿದ್ದೆ. ನನ್ನ ಇಲಾಖೆಯಲ್ಲಿ ಸ್ವಚ್ಛತೆ ಅಂದರೆ ಅಷ್ಟು.

ಒಂದು ತಿಂಗಳು ಕಳೆಯಿತು. ಚಹಾದ ರುಚಿ ಬರಬರುತ್ತ ಗಂಭೀರವಾಯಿತು. ಹಾಲಿನವನು ಮೋಸ ಮಾಡುತ್ತಿದ್ದಾನೆ ಎಂದು ನಾನು ಅವನನ್ನು ಎರಡು ಸಲ ಬಾಗಿಲಲ್ಲಿ ನಿಲ್ಲಿಸಿ ಬೈದೆ. ಹಾಲಿನವನು ನನ್ನವಳ ಮುಖ ನೋಡಿದ. ನನ್ನವಳು ಸೂರು ನೋಡಿದಳು.

ಅಂಥ ಒಂದು ಬೆಳಿಗ್ಗೆ ಫೋನು ಬಂತು. ಇಲಾಖೆಯ ಮುಖ್ಯ ಎಂಜಿನಿಯರು! ಈಗ ದೊಡ್ಡ ಮನುಷ್ಯ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಆರು ತಿಂಗಳು ನನ್ನ ಕೋಲು ಹಿಡಿದು ನನ್ನ ಹಿಂದೆ ತಿರುಗಿದವನು. ಈಗಲೂ ನನ್ನನ್ನು ಗುರುಗಳೇ ಅನ್ನುತ್ತಾನೆ.

"ಗುರುಗಳೇ, ಕೈಪಿಡಿ ಹೊಸದಾಗಿ ಅಚ್ಚು ಹಾಕಿಸ್ತಾ ಇದೀವಿ. ನಲವತ್ತೊಂದನೇ ನಿಯಮ ಒಂದು ಸೇರಿಸೋಣ ಅಂತ. ನಿಮ್ಮ ಅನುಭವದಿಂದ ಒಂದೇ ಒಂದು ಸಾಲು, ನಿಮ್ಮ ಹೆಸರಿನ ಸಮೇತ. ಭಾನುವಾರ ಮನೆಗೇ ಬರ್ತೀನಿ. ಟೈಪಿಸ್ಟ್ ಮೇಡಂನೂ ಕರ್ಕೊಂಡು ಬರ್ತೀನಿ, ಅಲ್ಲೇ ಬರ್ಕೊಳ್ತಾರೆ."

ಫೋನು ಇಟ್ಟ ಮೇಲೆ ನಾನು ಎಷ್ಟು ಉಬ್ಬಿದೆನೆಂದರೆ ಬಾಗಿಲಲ್ಲಿ ಅಡ್ಡಡ್ಡ ಹೋಗಬೇಕಾಯಿತು. ಕೂಡಲೇ ಕಾಗದ ತೆಗೆದುಕೊಂಡು ಕುಳಿತೆ. ಸಾಯಂಕಾಲದ ಹೊತ್ತಿಗೆ ಸಾಲು ಸಿದ್ಧವಾಯಿತು. ನನ್ನವಳನ್ನು ಕೂರಿಸಿ, ಗಂಟಲು ಸರಿಮಾಡಿಕೊಂಡು ಓದಿದೆ: "ಪಾತಾಳದಲ್ಲಿ ಬಿಕ್ಕುವ ಜಲಧಾರೆಯ ಆರ್ತನಾದಕ್ಕೆ ಕರ್ಣಗಳನ್ನು ಅರ್ಪಿಸುವವನೇ ಪರಮ ಜಲಸೇವಕನು."

"ಚೆನ್ನಾಗಿದೆ" ಎಂದಳು. "ಇದನ್ನ ಓದಿದವನು ಏನು ಮಾಡ್ಬೇಕು?"

"ಅಂದ್ರೆ?"

"ನಿಯಮ ಅಂದ್ರೆ ಏನಾದ್ರೂ ಮಾಡು ಅಂತಲೋ ಮಾಡ್ಬೇಡ ಅಂತಲೋ ಇರ್ಬೇಕಲ್ವಾ? ಇದರಲ್ಲಿ ಬರೀ ಅಳೋದೇ ಇದೆ." ಹೀಗೆಂದವಳು ತಟ್ಟನೆ ಮೂಗು ಮುಚ್ಚಿಕೊಂಡು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡಳು. ನನ್ನ ಸಾಹಿತ್ಯಕ್ಕೆ ಅವಮಾನ ಮಾಡುತ್ತಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ನನಗೂ ಬಡಿಯಿತು.

ಆ ವಾಸನೆಯನ್ನು ಹೇಗೆ ವರ್ಣಿಸಲಿ! ಹುಳಿಯೂ ಹೌದು, ಕೊಳೆತದ್ದೂ ಹೌದು, ಹಳೆಯ ಕಾಲುಚೀಲದ ಒಂದು ಛಾಯೆಯೂ ಉಂಟು. ಮುಂದಿನ ಕೋಣೆಯಲ್ಲಿತ್ತು. ಹಿಂದಿನ ಕೋಣೆಗೆ ಹೋದೆ, ಅಲ್ಲೂ ಇತ್ತು. ಬಚ್ಚಲಿಗೆ ಹೋದೆ, ಅಲ್ಲಿ ಇನ್ನೂ ಜೋರು. ಮಹಡಿಗೆ ಹತ್ತಿದೆ. ತೆರೆದ ಆಕಾಶದ ಕೆಳಗೆ, ಬೀಸುವ ಗಾಳಿಯಲ್ಲಿ, ಅಲ್ಲೂ ಇತ್ತು!

ತನಿಖಾಧಿಕಾರಿಯ ಬುದ್ಧಿ ಚುರುಕಾಯಿತು. ಕೆಟ್ಟ ವಾಸನೆ ಎಂದರೆ ಕೊಳಚೆ ಪೈಪು. ಎಲ್ಲ ಕೋಣೆಯಲ್ಲೂ ವಾಸನೆ ಎಂದರೆ ಎಲ್ಲ ಪೈಪೂ ಒಡೆದಿದೆ. ಮಹಡಿಯಲ್ಲೂ ಇದೆ ಎಂದರೆ ಇದು ನಮ್ಮ ಮನೆಯೊಂದರ ಮಾತಲ್ಲ, ಇಡೀ ಬಡಾವಣೆಯ ಒಳಚರಂಡಿ ಒಳಗಿಂದೊಳಗೆ ಕುಸಿಯುತ್ತಿದೆ. ಆರು ಸಾವಿರ ಜನರ ಆರೋಗ್ಯ ನನ್ನ ಮೂಗಿನ ತುದಿಯಲ್ಲಿ ನಿಂತಿದೆ! ಒಂದು ಗುಟುಕು ಚಹಾ ಕುಡಿದು ಧೈರ್ಯ ತಂದುಕೊಂಡೆ.

"ರೀ" ಎಂದಳು ನನ್ನವಳು, "ಒಂದು ಮಾತು ಹೇಳ್ಲಾ?"

"ಪೈಪಿನ ವಿಷಯವೋ?"

"ಅಲ್ಲ, ನಿಮ್ಮ ಇಲಾಖೆ ವಿಷಯ."

"ಹಾಗಾದರೆ ಬೇಡ. ಮಾತು ಅಂದರೆ ಮಾತು."

"ಸರಿ. ನನಗೇನು" ಎಂದು ಕಿಟಕಿಗಳನ್ನೆಲ್ಲ ತೆರೆದು, ಕಿಟಕಿಯ ಪಕ್ಕವೇ ಕೂತು ಸ್ವೆಟರ್ ಹೆಣೆಯತೊಡಗಿದಳು.

ಮುಂದಿನ ಎರಡು ದಿನ ನಾನು ಪಟ್ಟ ಪಾಡು ಯುದ್ಧದಲ್ಲಿ ಸೈನಿಕನೂ ಪಟ್ಟಿರಲಾರ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಮಗ್ಗು. ಗೋಡೆಗೆ ಕಿವಿ ಹಚ್ಚಿದೆ, ನೆಲಕ್ಕೆ ಕಿವಿ ಹಚ್ಚಿದೆ, ದರ್ಜಿಯ ಮನೆಯ ಸೂರಿಗೆ ಏಣಿ ಹಾಕಿ ಕಿವಿ ಹಚ್ಚಿದೆ. ಸದ್ದಿಲ್ಲ. ಆದರೆ ವಾಸನೆ! ನಾನು ಎಲ್ಲಿ ಬಗ್ಗಿದರೆ ಅಲ್ಲಿ. ಇಷ್ಟು ಚಾಣಾಕ್ಷ ಸೋರಿಕೆಯನ್ನು ನಾನು ಕಂಡಿರಲಿಲ್ಲ. ನಾನು ಬರುವುದನ್ನೇ ಕಾದಿದ್ದು ಎದ್ದು ನಿಲ್ಲುತ್ತಿತ್ತು. ಶುಕ್ರವಾರ ಬಚ್ಚಲಿನಲ್ಲಿ ಎರಡು ಟೈಲ್ಸ್ ಕಿತ್ತೆ. ಪೈಪು ಹೊಸ ಮದುಮಗನ ಹಾಗೆ ಒಣಗಿ ಹೊಳೆಯುತ್ತಿತ್ತು. ಶನಿವಾರ ಹಿತ್ತಲಿನ ಒಳಚರಂಡಿ ಚೇಂಬರಿನ ಮುಚ್ಚಳ ಎತ್ತಿಸಿ ಒಳಗೆ ಇಣುಕಿದೆ. ನಿಜ ಹೇಳಬೇಕೆಂದರೆ ಅಲ್ಲಿ ವಾಸನೆ ಕೊಂಚ ಕಮ್ಮಿಯೇ ಇತ್ತು.

ಭಾನುವಾರ ಹತ್ತು ಗಂಟೆಗೆ ಶಿಷ್ಯ ಬಂದ. ಜೊತೆಗೆ ಟೈಪಿಸ್ಟ್ ಮೇಡಂ; ನಿವೃತ್ತಿಗೆ ಎರಡು ವರ್ಷ ಉಳಿದಿರುವ, ಮೂರು ಮಂದಿ ಮುಖ್ಯ ಎಂಜಿನಿಯರುಗಳ ಕಾಗುಣಿತ ತಿದ್ದಿ ತಿದ್ದಿ ಯಾರಿಗೂ ಹೆದರದಂತಾದ ಹೆಂಗಸು. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಪುಸ್ತಕ ತೆರೆದು ಪೆನ್ಸಿಲ್ ಹಿಡಿದು ಕೂತರು.

"ಅತ್ತಿಗೆ, ಹೇಗಿದೀರಿ?" ಎಂದು ಒಳಗೆ ಬಂದ ಶಿಷ್ಯ ನನ್ನ ಕೈ ಕುಲುಕಲು ಹತ್ತಿರ ಬಂದವನೇ ಮುಖ ಕಿವುಚಿದ. "ಗುರುಗಳೇ, ಇದೇನಿದು?"

"ಬಂತಾ ಮೂಗಿಗೆ? ಭೇಷ್! ನನ್ನ ತರಬೇತಿ ವ್ಯರ್ಥವಾಗಿಲ್ಲ. ನಿಯಮ ಆಮೇಲೆ ಬರೆದುಕೊಳ್ಳೋಣ. ಮೊದಲು ಬಾ, ನನ್ನ ಜೀವನದಲ್ಲೇ ಅತಿ ದೊಡ್ಡ ಸೋರಿಕೆ ತೋರಿಸ್ತೀನಿ."

ಮಗ್ಗು ಹಿಡಿದು ನಾನು ಮುಂದೆ, ಅವನು ಹಿಂದೆ. ಹಿಂದಿನ ಕೋಣೆಯಲ್ಲಿ ಮೂಸಿಸಿದೆ. "ಇದೆ" ಎಂದ. ಬಚ್ಚಲಿನಲ್ಲಿ ಮೂಸಿಸಿದೆ. "ಅಯ್ಯೋ, ಇದೆ." ಮಹಡಿಯಲ್ಲಿ ಮೂಸಿಸಿದೆ. "ಗುರುಗಳೇ, ಗಾಳಿಯಲ್ಲೂ ಇದೆ!" ನನ್ನ ಹೆಮ್ಮೆ ಮಹಡಿಯನ್ನೂ ಮೀರಿ ಹೋಯಿತು. ಕೊನೆಗೆ ಉಳಿದದ್ದು ಒಂದೇ ಜಾಗ. ಹಾರೆ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಗುಣಿಸುವ ಗುರುತು ಹಾಕಿದೆ. "ಇಲ್ಲೇ! ಇಲ್ಲಿ ಒಡೆದರೆ ಸಿಕ್ಕಿತು ಅಂತಲೇ."

"ರೀ!"

ಬಾಗಿಲಲ್ಲಿ ನನ್ನವಳು ನಿಂತಿದ್ದಳು. ಹೆಣಿಗೆಯ ಕಡ್ಡಿ ಇನ್ನೂ ಕೈಯಲ್ಲೇ ಇತ್ತು. "ಹಾರೆ ಸಮೇತ ನನ್ನ ಇಲಾಖೆಗೆ ಬಂದಿರಿ ಅಲ್ವಾ? ಸಂಧಾನ ಮುರೀತು. ಏನಪ್ಪಾ, ನೀನೇ ಸಾಕ್ಷಿ."

"ಹೌದು ಅತ್ತಿಗೆ" ಎಂದ ಆ ಗುರುದ್ರೋಹಿ, ಯಾವ ಸಂಧಾನ ಎಂದೂ ಕೇಳದೆ.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಟೈಪಿಸ್ಟ್ ಮೇಡಂ ದನಿ ಕೇಳಿಸಿತು. "ಸಾರ್, ನಾನು ಇಲ್ಲೇ ಕೂತಿದೀನಿ. ಕೂತ ಜಾಗ ಬಿಟ್ಟು ಎದ್ದಿಲ್ಲ. ಬರೆದುಕೊಂಡಿದ್ದನ್ನ ಓದ್ಲಾ? ಹತ್ತು ಗಂಟೆ ಐದು ನಿಮಿಷ, ವಾಸನೆ ಇದೆ. ಹತ್ತು ಏಳು, ಕಿವಿಯಪ್ಪ ಸಾರ್ ಒಳಗೆ ಹೋದ್ರು, ವಾಸನೆ ಇಲ್ಲ. ಹತ್ತು ಹದಿಮೂರು, ಅವರು ಮಹಡಿಗೆ ಹೋಗುವಾಗ ಈ ಕಡೆಯಿಂದ ಹಾದರು, ವಾಸನೆ ಇದೆ. ಹತ್ತು ಹದಿನಾಲ್ಕು, ಇಲ್ಲ. ಹತ್ತು ಇಪ್ಪತ್ತು, ಮಹಡಿಯಿಂದ ಇಳಿದರು, ಮತ್ತೆ ಇದೆ. ಈಗ ಇಲ್ಲ."

ಶಿಷ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಸ್ನಾನ ಮಾಡಿದ್ದೆ. (ಎರಡು ಸಲ.)

ನನ್ನವಳು ಕೈ ಚಾಚಿದಳು. ನಾನು ಮಗ್ಗು ಕೊಟ್ಟೆ. ಅವಳು ಮುಚ್ಚಳ ತಿರುಗಿಸಿ ತೆಗೆದು, ತಲೆಯಿಂದ ಒಂದು ಪಿನ್ನು ಕಿತ್ತು, ಮುಚ್ಚಳದ ಒಳಗಿನ ಸಂದಿಗೆ ಚುಚ್ಚಿ ಎಳೆದಳು. ವಾಷರ್ ಹೊರಗೆ ಬಂತು. ಬಿಳಿಯ ವಾಷರ್ ಅದು ಎಂದು ಡಬ್ಬದ ಮೇಲಿನ ಚಿತ್ರ ಹೇಳುತ್ತದೆ. ಬಂದದ್ದು ಬೂದು, ಹಸಿರು, ನಡುನಡುವೆ ಕಪ್ಪು. ಒಂದು ಕಡೆ ರೋಮವೂ ಇತ್ತು. ನಲವತ್ತು ದಿನದ ಹಾಲು ಆ ಸಂದಿಯಲ್ಲಿ ಊರು ಕಟ್ಟಿಕೊಂಡು, ಬೀದಿ ಹಾಕಿ, ಸಂಸಾರ ಹೂಡಿತ್ತು. ಶಿಷ್ಯ ಕಿಟಕಿಗೆ ಓಡಿದ. ಕೆಳಮನೆಯಲ್ಲಿ ದರ್ಜಿಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಸೋರದ ಕೀಲು" ಎಂದಳು ನನ್ನವಳು, ವಾಷರನ್ನು ಪಿನ್ನಿನ ತುದಿಯಲ್ಲಿ ಎತ್ತಿ ಹಿಡಿದು. ಆಮೇಲೆ ಮಗ್ಗಿನೊಳಗೆ ಬೆಳಕು ಬಿಟ್ಟು ತೋರಿಸಿ, "ಇದು ಕವಚ."

"ನಿನಗೆ ಮೊದಲೇ ಗೊತ್ತಿತ್ತಾ?"

"ಗುರುವಾರದಿಂದ."

"ಬಚ್ಚಲಿನ ಟೈಲ್ಸ್ ಕೀಳುವಾಗ ಹೇಳಬಾರದಿತ್ತಾ?"

"ಹೇಳೋಕೆ ಬಂದೆ. ನಿಮ್ಮ ಇಲಾಖೆ ಅಂದಿರಿ. ಆ ಟೈಲ್ಸ್ ಹಳೇದಾಗಿತ್ತು, ಬದಲಾಯಿಸಿ ಅಂತ ಏಳು ವರ್ಷದಿಂದ ಹೇಳ್ತಾನೂ ಇದ್ದೆ."

ಎಲ್ಲರೂ ಮುಂದಿನ ಕೋಣೆಗೆ ಬಂದು ಕೂತೆವು. ನನ್ನ ಜೇಬಿನಲ್ಲಿ ಆ ಸಾಲು ಬರೆದ ಕಾಗದ ಇತ್ತು. ಅದನ್ನು ಹೊರಗೆ ತೆಗೆಯುವ ಮುಖ ನನಗಿರಲಿಲ್ಲ. ಮೂವತ್ತನಾಲ್ಕು ವರ್ಷ, ಒಂದು ಸಾಲು, ಆ ಒಂದು ಸಾಲೂ ಹಾಲಿನ ಪಾಚಿಯಲ್ಲಿ ಮುಳುಗಿತು ಎಂದುಕೊಂಡು ನೆಲ ನೋಡುತ್ತ ಕೂತೆ. ಶಿಷ್ಯ ಕೆಮ್ಮಿದ. ಎರಡು ಸಲ ಕೆಮ್ಮಿದ. ಆಮೇಲೆ ಎಂದ:

"ಮೇಡಂ, ಬರ್ಕೊಳ್ಳಿ. ನಲವತ್ತೊಂದು. ತನಿಖೆಗೆ ತೊಡಗುವ ಮುನ್ನ ತನಿಖಾಧಿಕಾರಿಯು ತನ್ನ ಕೈಯಲ್ಲಿರುವುದನ್ನು ಹೊರಗಿಟ್ಟು ಬರತಕ್ಕದ್ದು."

ಪೆನ್ಸಿಲ್ ಓಡಿತು. ನಾನು ತಲೆ ಎತ್ತಿದೆ. "ಕೆಳಗೆ ಯಾರ ಹೆಸರು?"

"ನಿಮ್ಮದೇ ಗುರುಗಳೇ. ಕಿವಿಯಪ್ಪನವರ ಅನುಭವದಿಂದ, ಅಂತ. ಬೇಡ್ವಾ?"

"ಬೇಡ ಅಂತ ಯಾರಂದ್ರು?" ಎಂದಳು ನನ್ನವಳು ನನಗಿಂತ ಮೊದಲು. "ಇದರಲ್ಲಿ ಏನು ಮಾಡ್ಬೇಕು ಅಂತ ಸ್ಪಷ್ಟವಾಗಿದೆ." ಟ್ರೇ ತಂದಿಟ್ಟು ಎಲ್ಲರಿಗೂ ಚಹಾ ಕೊಟ್ಟಳು. ಗಾಜಿನ ಲೋಟದಲ್ಲಿ.

ನಿಯಮವನ್ನು ಬರುವ ಗುರುವಾರ ಹೊಸ ಸಿಬ್ಬಂದಿಗೆ ನಾನೇ ಬಂದು ವಿವರಿಸಬೇಕು ಎಂದು ಶಿಷ್ಯ ಕೇಳಿಕೊಂಡ. ಒಪ್ಪಿದೆ. (ಒಂದೇ ಸಲ ಕೇಳಿದ, ಎರಡನೇ ಸಲ ಕೇಳುವ ತೊಂದರೆ ಕೊಡಲಿಲ್ಲ.)

ಆಮೇಲಿನ ನಾಲ್ಕು ದಿನ ನಾನು ಮಗ್ಗು ತೊಳೆದ ಹಾಗೆ ಭೂಮಿಯ ಮೇಲೆ ಯಾರೂ ಯಾವುದನ್ನೂ ತೊಳೆದಿಲ್ಲ. ಅಡುಗೆಸೋಡಾ ಹಾಕಿ ಬಿಸಿನೀರು ತುಂಬಿಸಿ ಒಂದು ಗಂಟೆ ನೆನೆಸಿದೆ. ಕಂದು ಪದರ ಕಣ್ಣೀರಿಟ್ಟು ಇಳಿದುಹೋಯಿತು. ಉದ್ದ ಹಿಡಿಯ ಬ್ರಷ್ಷಿನಿಂದ ತಳ ಉಜ್ಜಿದೆ. ಗುಂಡಿಯ ಸಂದಿಗೆ ಹಲ್ಲುಜ್ಜುವ ಹಳೆಯ ಬ್ರಷ್ಷು. ವಾಷರನ್ನು ನನ್ನವಳ ಪಿನ್ನಿನಿಂದಲೇ ಕಿತ್ತು, ಸೋಪಿನಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ಪರೀಕ್ಷಿಸಿ, ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಡುತ್ತಿದ್ದೆ. ಮಗ್ಗಿನೊಳಗೆ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಾಗಿತ್ತು. ನನ್ನವಳು ದಿನಾ ಮೂಸಿ ನೋಡಿ "ಪರವಾಗಿಲ್ಲ" ಅನ್ನುತ್ತಿದ್ದಳು. ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ಮೇಲಧಿಕಾರಿಯಿಂದಲೂ ನನಗೆ ಅಷ್ಟು ದೊಡ್ಡ ಪ್ರಶಂಸೆ ಬಂದಿರಲಿಲ್ಲ.

ಗುರುವಾರ. ಇಸ್ತ್ರಿ ಮಾಡಿದ ಷರಟು (ತೋಳು ಒಂದು ಗೇಣು ಕಮ್ಮಿ), ಹೆಗಲಿಗೆ ಇಲಾಖೆಯ ದಪ್ಪ ಕ್ಯಾನ್ವಾಸು ಚೀಲ, ಚೀಲದಲ್ಲಿ ಬಿಸಿ ಚಹಾ ತುಂಬಿ ಮಲಗಿಸಿದ ಮಗ್ಗು. ತರಬೇತಿ ಕೋಣೆಯಲ್ಲಿ ಇಪ್ಪತ್ತೆರಡು ಮಂದಿ, ಹಿಂದಿನ ಬೆಂಚಿನಲ್ಲಿ ಶಿಷ್ಯ, ಪಕ್ಕದಲ್ಲಿ ಟೈಪಿಸ್ಟ್ ಮೇಡಂ. ನಾನು ಹಲಗೆಯ ಮೇಲೆ ನಲವತ್ತೊಂದು ಎಂದು ಬರೆದು ಮಾತು ಶುರು ಮಾಡಿದೆ. ಐದು ನಿಮಿಷವಾಗಿರಬೇಕು. ನನ್ನ ಕಿವಿ ನಿಮಿರಿತು.

ಟಪ್.

ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದೆ. ಟಪ್. ಟಪ್. ಇಪ್ಪತ್ತೆರಡು ಜೊತೆ ಎಳೆಯ ಕಿವಿಗಳಿದ್ದ ಕೋಣೆಯಲ್ಲಿ ಮೊದಲು ಕೇಳಿಸಿದ್ದು ನನಗೆ! "ಮಕ್ಕಳೇ" ಎಂದೆ, "ನಿಮ್ಮ ಅದೃಷ್ಟ. ಜೀವಂತ ಸೋರಿಕೆ. ಈಗ ನೋಡಿ, ನಲವತ್ತೊಂದನೇ ನಿಯಮ." ಸೀಮೆಸುಣ್ಣ ಇಟ್ಟೆ. ಕನ್ನಡಕ ಇಟ್ಟೆ. ಗಡಿಯಾರ ಬಿಚ್ಚಿ ಇಟ್ಟೆ. ಎರಡೂ ಕೈ ಖಾಲಿ ಎಂದು ಎತ್ತಿ ತೋರಿಸಿದೆ. ಆಮೇಲೆ ತಲೆ ಬಾಗಿಸಿ ಸದ್ದಿನ ಬೆನ್ನು ಹತ್ತಿದೆ. ಬಲಗಡೆ ಹೋದೆ, ಸದ್ದು ಬೆನ್ನ ಹಿಂದೆ. ತಿರುಗಿದೆ, ಮತ್ತೆ ಬೆನ್ನ ಹಿಂದೆ. ಕಿಟಕಿಯವರೆಗೆ ಹೋದೆ, ಬಾಗಿಲವರೆಗೆ ಬಂದೆ, ಬೆಂಚುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಇಪ್ಪತ್ತೆರಡು ತಲೆಗಳು ನನ್ನನ್ನಲ್ಲ, ನೆಲವನ್ನು ನೋಡುತ್ತಿದ್ದವು. ನಾನೂ ನೋಡಿದೆ. ನಾನು ನಡೆದಲ್ಲೆಲ್ಲ ಕಂದು ಬಣ್ಣದ ಚುಕ್ಕೆಗಳ ಸಾಲು; ಬೇಕಾದರೆ ಸೇರಿಸಿ ರಂಗೋಲಿ ಎಳೆಯಬಹುದು.

ಆಗಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎತ್ತಿದೆ. ನನ್ನವಳ ದನಿ ಯಾವತ್ತೂ ಗಟ್ಟಿ. ಹಿಂದಿನ ಬೆಂಚಿಗೂ ಕೇಳಿಸಿತು.

"ರೀ, ನಿಮ್ಮ ವಾಷರ್ ಇಲ್ಲೇ ಕಿಟಕಿ ಕಟ್ಟೆ ಮೇಲೆ ಕೂತಿದೆ! ಬಹಳ ಚೆನ್ನಾಗಿ ಒಣಗಿದೆ!"

ಯಾರೂ ನಗಲಿಲ್ಲ. ಅಂದರೆ, ಮೊದಲ ಎರಡು ಸೆಕೆಂಡು. ಆಮೇಲೆ ಆ ಕೋಣೆಯ ಸೂರು ಹೇಗೆ ಉಳಿಯಿತೋ ಕಟ್ಟಿದವನೇ ಹೇಳಬೇಕು. ನಗು ಇಳಿದ ಮೇಲೆ ನಾನು ಗಂಭೀರವಾಗಿ ನನ್ನ ರಕ್ಷಣೆಗೆ ನಿಂತೆ. "ನಾನು ನಿಯಮ ಮುರಿದಿಲ್ಲ. ಕೈಯಲ್ಲಿದ್ದದ್ದನ್ನೆಲ್ಲ ಇಟ್ಟೆ. ಚೀಲ ಹೆಗಲಲ್ಲಿತ್ತು. ಕರ್ತವ್ಯದಲ್ಲಿರುವಾಗ ಅದನ್ನು ಇಳಿಸುವ ಹಾಗಿಲ್ಲ, ಏಳನೇ ನಿಯಮ."

"ಸಾರ್ ಹೇಳೋದು ಸರಿ" ಎಂದರು ಟೈಪಿಸ್ಟ್ ಮೇಡಂ ಪೆನ್ಸಿಲ್ ತೆಗೆಯುತ್ತ. "ನಿಯಮದಲ್ಲಿ ನಾವು ಕೈ ಅಂತ ಮಾತ್ರ ಬರೆದಿದ್ವಿ. ತಪ್ಪು ನಮ್ಮದು."

ಶಿಷ್ಯ ಕಣ್ಣೊರೆಸಿಕೊಂಡು ಎದ್ದು ನಿಂತ.

ಹಾಗೆ ನಲವತ್ತೆರಡನೆಯದು ಹುಟ್ಟಿತು. ಪುಸ್ತಕ ಈಗ ನನ್ನ ಮುಂದಿದೆ; ಇದ್ದ ಹಾಗೇ ಓದುತ್ತೇನೆ, ಕೇಳಿ: "ಹಿಂದಿನ ನಿಯಮದಲ್ಲಿ ಕೈ ಎಂದಿರುವಲ್ಲಿ ಹೆಗಲೂ ಸೇರಿದೆಯೆಂದು ತಿಳಿಯತಕ್ಕದ್ದು. ಕಿವಿಯಪ್ಪನವರ ಅನುಭವದಿಂದ." ಒಂದೇ ಪುಟದಲ್ಲಿ ಎರಡು ಸಲ ನನ್ನ ಹೆಸರು. ಆ ನಲವತ್ತು ನಿಯಮ ಬರೆದ ಪುಣ್ಯಾತ್ಮನ ಹೆಸರು ಒಂದು ಸಲವೂ ಇಲ್ಲ.

ಹತ್ತು ನಿಯಮಕ್ಕೆ ಒಂದು ಅಧ್ಯಾಯ ಎಂದು ಆಗಲೇ ಹೇಳಿದೆನಲ್ಲ. ನನ್ನ ಅಧ್ಯಾಯಕ್ಕೆ ಇನ್ನು ಎಂಟು ಬೇಕು. ಶಿಷ್ಯ ಪ್ರತಿ ಗುರುವಾರವೂ ಬನ್ನಿ ಎಂದಿದ್ದಾನೆ. ವಾಷರ್ ಈಗ ನನ್ನವಳ ವಶದಲ್ಲಿದೆ. ಬೆಳಿಗ್ಗೆ ಕೇಳಿ ಪಡೆದು, ಅವಳ ಕಣ್ಣೆದುರು ಕೂರಿಸಿ, ಸಾಯಂಕಾಲ ತೊಳೆದು ಒಪ್ಪಿಸುತ್ತೇನೆ. ನಾಳೆ ಗುರುವಾರ. ಮಗ್ಗು ಗಟ್ಟಿಯಾಗಿದೆ, ನಾನೂ ಗಟ್ಟಿಯಾಗಿದ್ದೇನೆ. ಎಂಟೇನು ಮಹಾ.